ಬೂದು ಬೀಡು ಕಬ್ಬಿಣ: ಗುಣ, ದರ್ಜೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಬರುವ ಖರೀದಿ ವಿಷಯಗಳಲ್ಲಿ ‘ಸಿ.ಐ. ಮುಚ್ಚಳ’, ‘ಸಿ.ಐ. ವಾಲ್ವ್’, ‘ಸಿ.ಐ. ಫಿಟ್ಟಿಂಗ್’ ಎಂಬ ಪದಗಳು ಮೇಲಿಂದ ಮೇಲೆ ಬರುತ್ತವೆ. ದರಪಟ್ಟಿಯಲ್ಲಿ ಸಂಖ್ಯೆ, ಅಳತೆ ಮತ್ತು ಬೆಲೆ ನಮೂದಾಗಿರುತ್ತವೆ. ಮೂರು ದರಪಟ್ಟಿಗಳನ್ನು ಹೋಲಿಸಿ, ಕಡಿಮೆ ದರದವರಿಗೆ ಸರಬರಾಜು ಆದೇಶ ನೀಡಲು ನಿರ್ಣಯವಾಗುತ್ತದೆ. ಆದರೆ ಆ ಕಬ್ಬಿಣ ಯಾವ ದರ್ಜೆಯದು ಎಂಬ ಪ್ರಶ್ನೆ ಸಭೆಯಲ್ಲಿ ಕೇಳಿಬರುವುದು ವಿರಳ. ಚರಂಡಿಯ ಮೇಲಿನ ಮುಚ್ಚಳ ಟ್ರ್ಯಾಕ್ಟರ್ ಚಕ್ರದಡಿ ಎರಡು ಹೋಳಾದಾಗ, ಅಥವಾ ಮುಖ್ಯ ಕೊಳವೆಯ ವಾಲ್ವ್ ಸೀಳಿ ಊರಿಗೆ ನಾಲ್ಕು ದಿನ ನೀರಿಲ್ಲದಾದಾಗ ಆ ಪ್ರಶ್ನೆ ನೆನಪಾಗುತ್ತದೆ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿರುತ್ತದೆ. ದರ್ಜೆಯ ಪ್ರಶ್ನೆಯನ್ನು ಖರೀದಿಗೆ ಮೊದಲೇ ಕೇಳಲು ಬೇಕಾದಷ್ಟು ತಿಳಿವಳಿಕೆಯನ್ನು ಸದಸ್ಯರಿಗೆ ಒದಗಿಸುವುದು ಈ ಉಪನ್ಯಾಸದ ಉದ್ದೇಶ.

ಬೀಡು ಎಂದರೇನು?

‘ಸಿ.ಐ.’ ಎಂದರೆ ಎರಕದ ಕಬ್ಬಿಣ, ಆಡುಮಾತಿನಲ್ಲಿ ಬೀಡು. ಇದು ಹಳ್ಳಿಯ ಮನೆಗಳಿಗೆ ಹೊಸದಲ್ಲ. ದೋಸೆಯ ಬೀಡಿನ ಕಾವಲಿ, ಆಲೆಮನೆಯ ಗಾಣದ ಉರುಳೆಗಳು, ಹಳೆಯ ಹೊಲಿಗೆ ಯಂತ್ರದ ಕಾಲು, ಡೀಸೆಲ್ ಪಂಪ್‌ಸೆಟ್ಟಿನ ಎಂಜಿನ್ ಬ್ಲಾಕ್ ಇವೆಲ್ಲವೂ ಬೀಡಿನಿಂದಲೇ ಆದವು. ಬೀಡಿನ ಸ್ವಭಾವವೂ ಎಲ್ಲರಿಗೂ ಪರಿಚಿತವೇ. ಕಾವಲಿ ಹತ್ತಾರು ವರ್ಷ ಬೆಂಕಿಯ ಮೇಲೆ ಕುಳಿತರೂ ಜಗ್ಗುವುದಿಲ್ಲ. ಆದರೆ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಒಡೆಯುತ್ತದೆ. ಕೆಂಪಗೆ ಕಾದಾಗ ತಣ್ಣೀರು ಸುರಿದರೆ ಸೀಳುತ್ತದೆ. ತಗಡಿನ ಬಾಣಲೆ ಬಿದ್ದರೆ ತಗ್ಗಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಈ ವ್ಯತ್ಯಾಸದ ಕಾರಣ ಲೋಹದ ಒಳರಚನೆಯಲ್ಲಿದೆ.

ಸಾಧಾರಣ ಮೆದು ಉಕ್ಕಿನಲ್ಲಿ ಇಂಗಾಲದ ಅಂಶ ನೂರಕ್ಕೆ ಕಾಲು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ. ಬೂದು ಬೀಡಿನಲ್ಲಿ ಅದು ಸುಮಾರು ಶೇ. 2.5ರಿಂದ 4ರವರೆಗೆ ಇರುತ್ತದೆ, ಜೊತೆಗೆ ಶೇ. 1ರಿಂದ 3ರಷ್ಟು ಸಿಲಿಕಾನ್ ಸಹ ಇರುತ್ತದೆ. ಕರಗಿದ ಲೋಹ ಅಚ್ಚಿನಲ್ಲಿ ನಿಧಾನವಾಗಿ ಆರುವಾಗ, ಹೆಚ್ಚುವರಿ ಇಂಗಾಲವು ಸೀಸದ ಕಡ್ಡಿಯಲ್ಲಿರುವಂಥ ಗ್ರಾಫೈಟ್ ಆಗಿ, ಅತಿ ಸಣ್ಣ ಚಕ್ಕೆಗಳ ರೂಪದಲ್ಲಿ ಕಬ್ಬಿಣದ ನಡುನಡುವೆ ಹರಡಿಕೊಳ್ಳುತ್ತದೆ. ಮುರಿದ ಮುಖ ಬೂದು ಬಣ್ಣದಲ್ಲಿ ಕಾಣುವುದು ಈ ಚಕ್ಕೆಗಳಿಂದಲೇ; ಹೆಸರು ಬಂದದ್ದೂ ಅದರಿಂದಲೇ. ಲೋಹ ಬೇಗ ಆರಿದರೆ ಗ್ರಾಫೈಟ್ ರೂಪುಗೊಳ್ಳದೆ, ಮುರಿದ ಮುಖ ಬೆಳ್ಳಗೆ ಹೊಳೆಯುವ ‘ಬಿಳಿ ಬೀಡು’ ಆಗುತ್ತದೆ. ಅದು ಅತಿ ಗಡಸು, ಅತಿ ಪೆಡಸು. ಅದನ್ನು ಕೊರೆಯುವುದೂ ಕಷ್ಟ, ಕಡೆಯುವುದೂ ಕಷ್ಟ.

ಗ್ರಾಫೈಟ್ ಚಕ್ಕೆಗಳಿಗೆ ಸ್ವಂತ ಬಲ ಅತ್ಯಲ್ಪ. ಗೋಡೆಯೊಳಗೆ ಅಲ್ಲಲ್ಲಿ ಕಾಗದದ ಹಾಳೆ ಇಟ್ಟು ಕಟ್ಟಿದಂತೆ ಅವು ಕಬ್ಬಿಣದೊಳಗಿನ ಸೀಳುಗಳಂತೆ ವರ್ತಿಸುತ್ತವೆ. ಮೇಲಿಂದ ಒತ್ತಿದರೆ ಸೀಳುಗಳು ಮುಚ್ಚಿಕೊಂಡು ಲೋಹ ಭಾರ ಹೊರುತ್ತದೆ. ಎಳೆದರೆ ಅಥವಾ ಬಾಗಿಸಿದರೆ ಅವೇ ಸೀಳುಗಳು ತೆರೆದುಕೊಂಡು ಬಿರುಕು ಮುಂದಕ್ಕೆ ಓಡುತ್ತದೆ. ಆದುದರಿಂದಲೇ ಬೂದು ಬೀಡು ಒತ್ತಡದಲ್ಲಿ ತಡೆಯುವ ಬಲವು ಎಳೆತದಲ್ಲಿ ತಡೆಯುವ ಬಲದ ಮೂರರಿಂದ ನಾಲ್ಕು ಪಟ್ಟು. ಮೆದು ಉಕ್ಕು ಮುರಿಯುವ ಮೊದಲು ಐದನೆಯ ಒಂದು ಭಾಗಕ್ಕೂ ಹೆಚ್ಚು ಹಿಗ್ಗಿ ಮುನ್ಸೂಚನೆ ನೀಡುತ್ತದೆ. ಬೂದು ಬೀಡು ನೂರಕ್ಕೆ ಒಂದು ಭಾಗವೂ ಹಿಗ್ಗದೆ, ಸೂಚನೆಯಿಲ್ಲದೆ ಮುರಿಯುತ್ತದೆ.

ಇಷ್ಟಾದರೂ ಇದು ಕೀಳು ಲೋಹವಲ್ಲ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ಬೀಡು 1150ರಿಂದ 1250 ಡಿಗ್ರಿಯೊಳಗೆ ಕರಗಿ ನೀರಿನಂತೆ ಹರಿದು ಅಚ್ಚಿನ ಮೂಲೆಮೂಲೆಯನ್ನು ತುಂಬುತ್ತದೆ. ಆದುದರಿಂದ ಪಂಪಿನ ಕವಚದಂತಹ ಸುರುಳಿ ಆಕಾರಗಳನ್ನು ಕಡಿಮೆ ಖರ್ಚಿನಲ್ಲಿ ಎರಕ ಹೊಯ್ಯಬಹುದು. ಗ್ರಾಫೈಟ್ ಚಕ್ಕೆಗಳು ಕಂಪನವನ್ನು ಹೀರಿಕೊಳ್ಳುವುದರಿಂದ ಲೇತ್ ಯಂತ್ರದ ಹಾಸು, ಎಂಜಿನ್ ಬ್ಲಾಕ್ ಮತ್ತು ಮೋಟಾರಿನ ಪೀಠಗಳಿಗೆ ಇದು ಹೇಳಿಮಾಡಿಸಿದ ಲೋಹ. ಉಜ್ಜಾಟದಲ್ಲಿ ಗ್ರಾಫೈಟ್ ತಾನೇ ಜಾರುಪುಡಿಯಂತೆ ಕೆಲಸ ಮಾಡುವುದರಿಂದ ಸಿಲಿಂಡರ್ ಲೈನರ್, ಪಿಸ್ಟನ್ ಉಂಗುರ ಮತ್ತು ಬ್ರೇಕ್ ಡ್ರಮ್‌ಗಳಲ್ಲಿಯೂ ಇದರ ಬಳಕೆ ಇದೆ. ಕರ್ನಾಟಕದಲ್ಲಿ ಬೆಳಗಾವಿಯ ಎರಕಶಾಲೆಗಳು ಈ ಉದ್ಯಮಕ್ಕೆ ಹೆಸರಾಗಿವೆ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣ ಕರಗಿಸಿ, ಮುಂದೆ ನೀರಿನ ಕೊಳವೆಗಳನ್ನೂ ಎರಕ ಹೊಯ್ದಿತು.

ಭಾರ ಹೊರಬಲ್ಲದು, ಏಟು ತಾಳಲಾರದು

ಬೀಡನ್ನು ತಕ್ಕ ಸ್ಥಳದಲ್ಲಿ ಬಳಸಿದರೆ ಆಗುವುದೇನು, ತಪ್ಪು ಸ್ಥಳದಲ್ಲಿ ಬಳಸಿದರೆ ಆಗುವುದೇನು ಎಂಬುದಕ್ಕೆ ಇಂಗ್ಲೆಂಡಿನ ಎರಡು ಸೇತುವೆಗಳು ಸಾಕ್ಷಿ. ಸೆವರ್ನ್ ನದಿಗೆ 1779ರಲ್ಲಿ ನಿಲ್ಲಿಸಿದ ಬೀಡಿನ ಸೇತುವೆ ಇಂದಿಗೂ ನಿಂತಿದೆ. ಅದು ಕಮಾನಿನ ಆಕಾರದ್ದು. ಕಮಾನಿನಲ್ಲಿ ಪ್ರತಿಯೊಂದು ಭಾಗವೂ ಇನ್ನೊಂದನ್ನು ಒತ್ತುತ್ತದೆ. ಚೆಸ್ಟರ್ ನಗರದ ಬಳಿ ಡೀ ನದಿಗೆ ಕಟ್ಟಿದ ರೈಲ್ವೆ ಸೇತುವೆಯಲ್ಲಿ ಬೀಡನ್ನು ತೊಲೆಯಾಗಿ ಬಳಸಲಾಗಿತ್ತು. ತೊಲೆ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಲುಕುತ್ತದೆ. 1847ರ ಮೇ 24ರಂದು ರೈಲು ಸಾಗುತ್ತಿದ್ದಾಗಲೇ ತೊಲೆ ಮುರಿದು ಐವರು ಪ್ರಾಣ ಕಳೆದುಕೊಂಡರು. ಲೋಹ ಒಂದೇ, ಬದಲಾದದ್ದು ಅದಕ್ಕೆ ವಹಿಸಿದ ಕೆಲಸ.

ಇದೇ ಪಾಠವನ್ನು ಭಾರತದ ಹಳ್ಳಿಗಳು ಕೊಳವೆಬಾವಿಯ ಕೈಪಂಪಿನಿಂದ ಕಲಿತವು. 1960ರ ದಶಕದ ಬರಗಾಲದ ನಂತರ ಗಟ್ಟಿಕಲ್ಲಿನ ಪ್ರದೇಶಗಳಲ್ಲಿ ಸಾವಿರಾರು ಕೊಳವೆಬಾವಿಗಳನ್ನು ಕೊರೆಯಲಾಯಿತು. ಅವುಗಳ ಮೇಲೆ ಕೂರಿಸಿದ್ದು ಒಂದು ಮನೆಯ ಬಳಕೆಗೆಂದು ರೂಪಿಸಿದ ಬೀಡಿನ ಕೈಪಂಪುಗಳನ್ನು. ಮುಂಜಾನೆಯಿಂದ ರಾತ್ರಿಯವರೆಗೆ ಇಡೀ ಊರು ಹಿಡಿಕೆ ಜಗ್ಗಿದಾಗ, ಏಟಿನ ಮೇಲೆ ಏಟು ಬಿದ್ದು ಅವು ಮುರಿದವು. 1970ರ ದಶಕದಲ್ಲಿ ಸೊಲ್ಲಾಪುರದಲ್ಲಿ ರೂಪುಗೊಂಡ ಉಕ್ಕಿನ ಪಂಪಿನ ಅನುಭವವನ್ನು ಆಧರಿಸಿ, ಸರ್ಕಾರ ಮತ್ತು ಯುನಿಸೆಫ್ ಸಹಯೋಗದಲ್ಲಿ ‘ಇಂಡಿಯಾ ಮಾರ್ಕ್-2’ ಕೈಪಂಪು ಸಿದ್ಧವಾಯಿತು. ಅದರಲ್ಲಿ ಹಿಡಿಕೆ, ತಲೆಭಾಗ ಮತ್ತು ಪೀಠ ಉಕ್ಕಿನವು. ಆದರೆ ನೀರಿನೊಳಗೆ ಕುಳಿತು ಕೆಲಸ ಮಾಡುವ ಸಿಲಿಂಡರಿನ ಹೊರಕವಚ ಬೀಡಿನದೇ, ಒಳಗೆ ಹಿತ್ತಾಳೆಯ ಪದರ. ಏಟು ಬೀಳುವಲ್ಲಿಂದ ಬೀಡನ್ನು ತೆಗೆದರು, ಏಟು ಬೀಳದಲ್ಲಿ ಉಳಿಸಿಕೊಂಡರು. ಗ್ರಾಮ ಪಂಚಾಯತಿಯ ಪ್ರತಿಯೊಂದು ಖರೀದಿಗೂ ಈ ವಿವೇಕವೇ ಮಾದರಿ.

ದರ್ಜೆ ಎಂದರೆ ಒಂದು ವಾಗ್ದಾನ

ಬೂದು ಬೀಡಿನ ಎರಕಗಳಿಗೆ ಭಾರತೀಯ ಮಾನಕ ಐಎಸ್ 210 ಅನ್ವಯಿಸುತ್ತದೆ. ಅದರಲ್ಲಿ ಎಫ್‌ಜಿ 150, 200, 220, 260, 300, 350 ಮತ್ತು 400 ಎಂಬ ದರ್ಜೆಗಳಿವೆ. ಸಂಖ್ಯೆಯು ಎಳೆತದಲ್ಲಿ ಲೋಹ ತಡೆಯಲೇಬೇಕಾದ ಕನಿಷ್ಠ ಬಲವನ್ನು ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಸೂಚಿಸುತ್ತದೆ. ಸರಳವಾಗಿ ಹೇಳುವುದಾದರೆ, ಒಂದು ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರ್ ದಪ್ಪದ ಎಫ್‌ಜಿ 150 ಸರಳನ್ನು ಮುರಿಯಲು ಸುಮಾರು ಒಂದೂವರೆ ಟನ್ ಎಳೆತ ಬೇಕು; ಎಫ್‌ಜಿ 200 ಆದರೆ ಎರಡು ಟನ್. ಅದೇ ಅಳತೆಯ ಮೆದು ಉಕ್ಕಿಗೆ ಸುಮಾರು ನಾಲ್ಕು ಟನ್ ಬೇಕಾಗುತ್ತದೆ.

ದರ್ಜೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಿಯಮವೇನೂ ಇಲ್ಲ. ಮೇಲಿನ ದರ್ಜೆಯ ಬೀಡಿನಲ್ಲಿ ಚಕ್ಕೆಗಳು ಕಿರಿದಾಗಿ ಬಲ ಹೆಚ್ಚುತ್ತದೆ. ಆದರೆ ಎರಕ ಹೊಯ್ಯುವುದು ಕಷ್ಟವಾಗುತ್ತದೆ, ಕಂಪನ ಹೀರುವ ಗುಣ ತಗ್ಗುತ್ತದೆ, ಬೆಲೆಯೂ ಏರುತ್ತದೆ. ತೂಕದ ಕಲ್ಲು, ಪೀಠ ಮತ್ತು ಸಾಮಾನ್ಯ ಮುಚ್ಚಳಗಳಿಗೆ ಎಫ್‌ಜಿ 150. ವಾಲ್ವಿನ ಒಡಲು ಮತ್ತು ಪಂಪಿನ ಕವಚಗಳಿಗೆ ಎಫ್‌ಜಿ 200. ಎಂಜಿನ್ ಬ್ಲಾಕ್ ಮತ್ತು ಬ್ರೇಕ್ ಡ್ರಮ್‌ಗಳಿಗೆ ಎಫ್‌ಜಿ 220ರಿಂದ 260. ಭಾರಿ ಯಂತ್ರಗಳ ಹಾಸು ಮತ್ತು ಅಧಿಕ ಒತ್ತಡದ ಬಿಡಿಭಾಗಗಳಿಗೆ ಎಫ್‌ಜಿ 300 ಹಾಗೂ ಮೇಲ್ಪಟ್ಟವು ಎಂಬುದು ಸಾಮಾನ್ಯ ರೂಢಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ದರ್ಜೆಯನ್ನು ಅಳೆಯುವುದು ಅದೇ ಕರಗಿದ ಲೋಹದಿಂದ ಬೇರೆಯಾಗಿ ಹೊಯ್ದ 30 ಮಿ.ಮೀ. ವ್ಯಾಸದ ಪರೀಕ್ಷಾ ಸರಳಿನ ಮೇಲೆ. ವಸ್ತುವಿನ ದಪ್ಪ ಭಾಗ ನಿಧಾನವಾಗಿ ಆರಿ ಸ್ವಲ್ಪ ಮೆದುವಾಗುತ್ತದೆ. ತೆಳು ಅಂಚು ಬೇಗ ಆರಿ ಬಿಳಿ ಬೀಡಾಗಿ ಪೆಡಸಾಗಬಹುದು. ಆದುದರಿಂದ ಪ್ರಮಾಣಪತ್ರದಲ್ಲಿ ದರ್ಜೆ ಬರೆದಿದ್ದರೆ ಸಾಲದು. ಮಾನಕದಲ್ಲಿ ಹೇಳಿದ ದಪ್ಪವೂ ವಸ್ತುವಿನಲ್ಲಿ ಇರಬೇಕು.

ಮುಚ್ಚಳದ ಲೆಕ್ಕ

ಆಳುಗುಂಡಿಗಳ ಬೀಡಿನ ಮುಚ್ಚಳ ಮತ್ತು ಚೌಕಟ್ಟುಗಳಿಗೆ ಐಎಸ್ 1726 ಮಾನಕವಿದೆ. ಅದರಲ್ಲಿ ಎಲ್‌ಡಿ 2.5, ಎಂಡಿ 10, ಎಚ್‌ಡಿ 20 ಮತ್ತು ಇಎಚ್‌ಡಿ 35 ಎಂಬ ನಾಲ್ಕು ವರ್ಗಗಳು. ಸಂಖ್ಯೆಗಳು ಪರೀಕ್ಷಾ ಭಾರವನ್ನು ಟನ್ನುಗಳಲ್ಲಿ ಸೂಚಿಸುತ್ತವೆ. ಮನೆಯಂಗಳ ಮತ್ತು ಕಾಲುದಾರಿಗೆಂದು ಮಾಡಿದ ಎಲ್‌ಡಿ ಮುಚ್ಚಳವನ್ನು ಕಬ್ಬು ತುಂಬಿದ ಟ್ರ್ಯಾಕ್ಟರ್ ಓಡಾಡುವ ರಸ್ತೆಗೆ ಹಾಕಿದರೆ ಅದು ಮುರಿಯುವುದು ನಿಶ್ಚಿತ. ಎಲ್ಲಿ ಹಾಕುವ ಮುಚ್ಚಳ ಎಂಬುದು ತೀರ್ಮಾನವಾಗದೆ ದರಪಟ್ಟಿ ಕರೆಯುವುದು ಅರ್ಥಹೀನ.

ಚಕ್ರ ಮುಚ್ಚಳದ ಮೇಲೆ ಬಂದಾಗ ಮುಚ್ಚಳ ತೊಲೆಯಂತೆ ಬಾಗುತ್ತದೆ. ಕೆಳಮೈ ಎಳೆತಕ್ಕೆ ಸಿಲುಕುತ್ತದೆ. ಕೆಳಭಾಗದಲ್ಲಿ ಏಣುಗಳನ್ನು ಕೊಡುವುದು ಇದೇ ಕಾರಣಕ್ಕೆ. ಉದಾಹರಣೆಗಾಗಿ ಏಣುಗಳಿಲ್ಲದ, 60 ಸೆಂ.ಮೀ. ವ್ಯಾಸದ ಗಟ್ಟಿ ಬಿಲ್ಲೆಯೊಂದನ್ನು ಭಾವಿಸಬಹುದು. ಬೀಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ. ದಪ್ಪ 2.5 ಸೆಂ.ಮೀ. ಇದ್ದರೆ ತೂಕ ಸುಮಾರು 51 ಕಿಲೋ, 2 ಸೆಂ.ಮೀ. ಇದ್ದರೆ ಸುಮಾರು 41 ಕಿಲೋ. ಹತ್ತು ಕಿಲೋ ಲೋಹ ಉಳಿಸಿದವರು ಐದರಲ್ಲಿ ಒಂದು ಪಾಲನ್ನಷ್ಟೇ ಕದ್ದಂತೆ ಕಾಣುತ್ತದೆ. ಆದರೆ ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ವರ್ಗವನ್ನು ಅನುಸರಿಸುತ್ತದೆ. ದಪ್ಪ ಶೇ. 20ರಷ್ಟು ಇಳಿದರೆ ಬಲ ಶೇ. 36ರಷ್ಟು ಇಳಿಯುತ್ತದೆ. ಹೋದದ್ದು ಐದರಲ್ಲಿ ಒಂದು ಪಾಲು ಲೋಹ, ಹೋದದ್ದು ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಬಲ. ತೂಕದ ಯಂತ್ರವೊಂದಿದ್ದರೆ ಈ ಕೊರತೆಯನ್ನು ಪಂಚಾಯತಿ ಕಟ್ಟಡದ ಮುಂದೆಯೇ ಪತ್ತೆ ಹಚ್ಚಬಹುದು.

ನೀರಿನ ಮಾರ್ಗದಲ್ಲಿ ಬೀಡು

ನೀರು ಸರಬರಾಜಿನ ಸ್ಲೂಯಿಸ್ ವಾಲ್ವ್‌ಗಳಿಗೆ ಐಎಸ್ 14846 ಮಾನಕ. ಅವುಗಳ ಮೇಲೆ ‘ಪಿಎನ್ 1.0’ ಅಥವಾ ‘ಪಿಎನ್ 1.6’ ಎಂದು ಒತ್ತಡದ ದರ್ಜೆ ಇರುತ್ತದೆ. ಒಡಲನ್ನು ಆ ಒತ್ತಡದ ಒಂದೂವರೆ ಪಟ್ಟಿನಲ್ಲಿ ಪರೀಕ್ಷಿಸಿರಬೇಕು. ಹೀಗೆ ಪರೀಕ್ಷೆ ಗೆದ್ದು ಬಂದ ವಾಲ್ವ್ ಸಹ ಮೂರು ಕಾರಣಗಳಿಂದ ಸೀಳಬಹುದು, ಮೂರೂ ತಡೆಯಬಹುದಾದವು.

ಮೊದಲನೆಯದು ಸಾಗಾಟ. ಟ್ರೇಲರಿನಿಂದ ವಾಲ್ವನ್ನು ಕೆಳಕ್ಕೆ ಎಸೆದರೆ ಕಣ್ಣಿಗೆ ಕಾಣದ ಬಿರುಕು ಅಂದೇ ಹುಟ್ಟುತ್ತದೆ. ಎರಡನೆಯದು ಜೋಡಣೆ. ಫ್ಲ್ಯಾಂಜಿನ ಬೋಲ್ಟುಗಳಲ್ಲಿ ಒಂದನ್ನೇ ಪೂರ್ತಿ ಬಿಗಿದು ಆಮೇಲೆ ಪಕ್ಕದ್ದಕ್ಕೆ ಹೋದರೆ ಫ್ಲ್ಯಾಂಜು ಒಂದು ಕಡೆಗೆ ಬಾಗಿ ಬಿರಿಯುತ್ತದೆ. ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಸುತ್ತು ಸುತ್ತಾಗಿ ಬಿಗಿಯತಕ್ಕದ್ದು. ಮೂರನೆಯದು ನೀರಿನ ಹೊಡೆತ. ಹರಿಯುತ್ತಿರುವ ನೀರನ್ನು ವಾಲ್ವ್ ತಿರುಗಿಸಿ ಒಮ್ಮೆಲೇ ನಿಲ್ಲಿಸಿದರೆ ಆ ವೇಗವೆಲ್ಲ ಕೊಳವೆಯೊಳಗೆ ಏಟಾಗಿ ಪರಿಣಮಿಸುತ್ತದೆ. ನೀರುಗಂಟಿಯು ವಾಲ್ವನ್ನು ನಿಧಾನವಾಗಿ ಮುಚ್ಚುವ ಅಭ್ಯಾಸವು ಲಕ್ಷಾಂತರ ರೂಪಾಯಿಯ ಮಾರ್ಗವನ್ನು ಕಾಯುತ್ತದೆ. ಈ ಮೂರು ಮಾತುಗಳನ್ನು ನೀರುಗಂಟಿಗಳಿಗೆ ತಿಳಿಸಿಕೊಡಲು ಅನುದಾನವೇನೂ ಬೇಕಾಗಿಲ್ಲ.

ಹಳೆಯ ಬೀಡಿನ ಕೊಳವೆಗಳ ವಿಚಾರವೂ ಇದರೊಂದಿಗೆ ಸೇರಿದೆ. ಬೀಡಿನ ಕೊಳವೆ ತಲೆಮಾರುಗಳ ಕಾಲ ಬಾಳಬಲ್ಲದು. ಆದರೆ ತೇವ ಮತ್ತು ಲವಣವಿರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಮಾತ್ರ ಕರಗಿ ಹೋಗಿ ಗ್ರಾಫೈಟಿನ ಅಸ್ಥಿಪಂಜರ ಉಳಿಯುವುದುಂಟು. ಹೊರಗಿನಿಂದ ಕೊಳವೆ ಇಡಿಯಾಗಿಯೇ ಕಾಣುತ್ತದೆ, ಚಾಕುವಿನಿಂದ ಕೆರೆದರೆ ಪದರವೇ ಏಳುತ್ತದೆ. ಎರೆಮಣ್ಣಿನ ಪ್ರದೇಶಗಳಲ್ಲಿ ಇನ್ನೊಂದು ತೊಂದರೆಯಿದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಕೊಳವೆಯನ್ನು ಬಾಗಿಸುತ್ತದೆ; ಬಾಗಲಾರದ ಬೂದು ಬೀಡು ಉಂಗುರದಂತೆ ಸುತ್ತಲೂ ಮುರಿಯುತ್ತದೆ.

ಇಂತಹ ಕಡೆಗಳಿಗೆಂದೇ ಬೀಡಿನ ಇನ್ನೊಂದು ಪ್ರಕಾರವಿದೆ. ಕರಗಿದ ಲೋಹಕ್ಕೆ ಅತ್ಯಲ್ಪ ಮೆಗ್ನೀಷಿಯಂ ಸೇರಿಸಿದರೆ ಗ್ರಾಫೈಟ್ ಚಕ್ಕೆಯಾಗದೆ ಸಣ್ಣ ಗೋಲಿಯ ರೂಪ ತಾಳುತ್ತದೆ. ಗೋಲಿಗೆ ಚೂಪು ಅಂಚಿಲ್ಲದುದರಿಂದ ಬಿರುಕು ಸುಲಭವಾಗಿ ಹುಟ್ಟುವುದಿಲ್ಲ. 1940ರ ದಶಕದಲ್ಲಿ ಬಳಕೆಗೆ ಬಂದ ಈ ಲೋಹವೇ ‘ಎಸ್‌ಜಿ’ ಅಥವಾ ‘ಡಕ್ಟೈಲ್’ ಕಬ್ಬಿಣ. ಐಎಸ್ 1865ರ ‘ಎಸ್‌ಜಿ 400/15’ ಎಂದರೆ 400 ನ್ಯೂಟನ್ ಬಲ, ಮುರಿಯುವ ಮೊದಲು ಶೇ. 15ರಷ್ಟು ಹಿಗ್ಗುವ ಗುಣ. ‘ಡಿ.ಐ. ಪೈಪ್’ ಎಂದು ಕರೆಯುವ ಕೊಳವೆಗಳು ಇದರವು. ಅವುಗಳ ಮಾನಕ ಐಎಸ್ 8329. ‘ಸಿ.ಐ.’ ಮತ್ತು ‘ಡಿ.ಐ.’ ನಡುವೆ ಕಾಗದದ ಮೇಲೆ ಒಂದಕ್ಷರದ ವ್ಯತ್ಯಾಸ, ನೆಲದಡಿ ಎರಡು ಬೇರೆ ಲೋಹಗಳ ವ್ಯತ್ಯಾಸ. ಅಂದಾಜು ಪಟ್ಟಿಯಲ್ಲಿ ಡಿ.ಐ. ಎಂದಿದ್ದು ಸರಬರಾಜಿನಲ್ಲಿ ಸಿ.ಐ. ಬಂದರೆ ಅದನ್ನು ಸ್ವೀಕರಿಸತಕ್ಕದ್ದಲ್ಲ.

ಬೆಸುಗೆ ಮತ್ತು ಗುಜರಿ

ಒಡೆದ ಬೀಡನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸಾಧಾರಣ ಉಕ್ಕಿನ ಕಡ್ಡಿಯಿಂದ ಬೆಸೆದರೆ, ಕಾದು ಬೇಗ ಆರಿದ ಜಾಗ ಬಿಳಿ ಬೀಡಾಗಿ, ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು ಕಾಣಿಸುತ್ತದೆ. ಮೊದಲು ಬಿಸಿ ಮಾಡಿ, ನಿಕ್ಕಲ್ ಕಡ್ಡಿ ಬಳಸಿ, ಬಳಿಕ ಬೂದಿ ಅಥವಾ ಮರಳಿನಲ್ಲಿ ಹುಗಿದು ನಿಧಾನವಾಗಿ ಆರಿಸುವುದು ಸರಿಯಾದ ಕ್ರಮ. ಮೋಟಾರಿನ ಪೀಠದಂತಹ ಭಾಗಗಳಿಗೆ ಇದು ಸಾಕು. ಒತ್ತಡ ಹೊರುವ ವಾಲ್ವ್ ಮತ್ತು ವಾಹನದ ಭಾರ ಹೊರುವ ಮುಚ್ಚಳಗಳನ್ನು ಬೆಸೆದು ಮತ್ತೆ ಬಳಸುವುದಕ್ಕಿಂತ ಬದಲಾಯಿಸುವುದೇ ಕ್ಷೇಮ.

ಒಡೆದ ಬೀಡಿಗೆ ಗುಜರಿಯಲ್ಲಿ ಬೆಲೆಯಿದೆ. ಮುಚ್ಚಳಗಳು ಕಳುವಾಗುವುದಕ್ಕೂ ಅದೇ ಕಾರಣ. ತೆಗೆದ ಹಳೆಯ ಮುಚ್ಚಳ, ವಾಲ್ವ್ ಮತ್ತು ಕೊಳವೆಗಳನ್ನು ತೂಕ ಮಾಡಿ ದಾಸ್ತಾನು ಪುಸ್ತಕಕ್ಕೆ ಸೇರಿಸಿ, ನಿಯಮಾನುಸಾರ ಹರಾಜು ಮಾಡತಕ್ಕದ್ದು. ಕಳ್ಳತನದ ಭಯವಿರುವ ಒಳರಸ್ತೆಗಳಿಗೆ ಐಎಸ್ 12592ರ ಪ್ರಕಾರದ ಉಕ್ಕಿನ ಸರಳುಳ್ಳ ಕಾಂಕ್ರೀಟ್ ಮುಚ್ಚಳ ಪರ್ಯಾಯವಾಗಬಲ್ಲದು. ಅದನ್ನು ಗುಜರಿಗೆ ಕೊಳ್ಳುವವರು ವಿರಳ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅಡಿ ಕಡಿಮೆ ದರವನ್ನು ಒಪ್ಪುವುದೆಂದರೆ ಒಂದೇ ನಿರ್ದಿಷ್ಟತೆಯ ವಸ್ತುಗಳ ನಡುವೆ ಕಡಿಮೆ ದರವನ್ನು ಒಪ್ಪುವುದು. ಆದುದರಿಂದ ದರಪಟ್ಟಿ ಕರೆಯುವಾಗಲೇ ಐಎಸ್ ಸಂಖ್ಯೆ, ದರ್ಜೆ, ಭಾರ ಅಥವಾ ಒತ್ತಡದ ವರ್ಗ ಹಾಗೂ ತೂಕವನ್ನು ನಮೂದಿಸತಕ್ಕದ್ದು.

2. ಐಎಸ್ಐ ಗುರುತಿದ್ದರೆ ಅದರೊಂದಿಗಿರುವ ‘ಸಿಎಂ/ಎಲ್’ ಪರವಾನಗಿ ಸಂಖ್ಯೆಯನ್ನು ಮೊಬೈಲ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಸಂಖ್ಯೆಯಿಲ್ಲದ ಗುರುತು ಗುರುತಲ್ಲ.

3. ಸಾಮಗ್ರಿ ಬಂದ ದಿನವೇ ಕಿರಿಯ ಅಭಿಯಂತರರ ಸಮಕ್ಷಮ ಕೆಲವನ್ನು ಆಯ್ದು ತೂಕ ಮತ್ತು ದಪ್ಪ ನೋಡಿ, ಅಳತೆ ಪುಸ್ತಕದಲ್ಲಿ ದಾಖಲಿಸತಕ್ಕದ್ದು.

4. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ಎರಕವನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಒಡಕು ದನಿ ಬಂದರೆ ಬಿರುಕಿದೆಯೆಂದು ಶಂಕಿಸತಕ್ಕದ್ದು. ಗುಳಿಗಳನ್ನು ಮೇಣ ಅಥವಾ ಪುಟ್ಟಿಯಿಂದ ತುಂಬಿ ಕಪ್ಪು ಬಣ್ಣ ಬಳಿದಿರುವುದನ್ನೂ ಗಮನಿಸಬೇಕು.

5. ದೊಡ್ಡ ಖರೀದಿಗಳಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿಯನ್ನು ಬಿಲ್ಲಿನ ಪಾವತಿಗೆ ಷರತ್ತಾಗಿ ಇಡತಕ್ಕದ್ದು.

ಇವುಗಳಲ್ಲಿ ಯಾವುದಕ್ಕೂ ಅಭಿಯಂತರ ಪದವಿ ಬೇಕಾಗಿಲ್ಲ. ‘ಇದರ ದರ್ಜೆ ಯಾವುದು, ತೂಕ ಎಷ್ಟು, ಇದನ್ನು ಎಲ್ಲಿ ಹಾಕಲಾಗುತ್ತದೆ?’ ಎಂಬ ಮೂರು ಪ್ರಶ್ನೆಗಳನ್ನು ವಾರ್ಡಿನ ಯಾವ ಸದಸ್ಯರೂ ಕೇಳಬಹುದು. ಕೇಳಿದ ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಒತ್ತಾಯಿಸಬಹುದು. ಬೀಡು ತನ್ನ ಮುರಿಯುವಿಕೆಗೆ ಮುನ್ಸೂಚನೆ ಕೊಡುವ ಲೋಹವಲ್ಲ. ರಾತ್ರಿ ಆ ರಸ್ತೆಯಲ್ಲಿ ಬೈಕಿನ ಮೇಲೆ ಬರುವವರಿಗೂ, ಶಾಲೆಗೆ ನಡೆದು ಹೋಗುವ ಮಗುವಿಗೂ ಬೇಕಾದ ಮುನ್ನೆಚ್ಚರಿಕೆಯನ್ನು ಖರೀದಿಯ ಸಭೆಯೇ ವಹಿಸಬೇಕಾಗಿದೆ.